ಕಂತಿಗೂ ಮೊದಲು ಮನೆಯ ಲೆಕ್ಕ: ವಸೂಲಿಯವರಿಗೆ ಎಷ್ಟು ಕಟ್ತೀನಿ ಅಂತ ಹೇಳುವ ಮುನ್ನ

ಸಾಲ ವಸೂಲಿಗೆ ಬಂದವರು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಇವತ್ತು ಎಷ್ಟು ಹಾಕ್ತೀರಾ?" ಬೈಕು ಬಾಗಿಲಲ್ಲೇ ನಿಂತಿರುತ್ತದೆ. ಪಕ್ಕದ ಮನೆಯವರು ನೋಡುತ್ತಿರುತ್ತಾರೆ. ಆ ಹೊತ್ತಿನಲ್ಲಿ ಬಾಯಿಗೆ ಬರುವ ಮೊತ್ತ ಹೆದರಿಕೆಯಿಂದ ಬಂದದ್ದು. "ಸೋಮವಾರ ಐದು ಸಾವಿರ ಹಾಕ್ತೀನಿ ಸರ್." ಆ ಐದು ಸಾವಿರ ಎಲ್ಲಿಂದ ಬರಬೇಕು? ಗಿರವಿ ಅಂಗಡಿಯಿಂದ, ಇಲ್ಲಾಂದ್ರೆ ಪರಿಚಯದವರ ಕೈಸಾಲದಿಂದ. ಮುಂದಿನ ತಿಂಗಳು ಅದೂ ಸಾಲದ ಪಟ್ಟಿಗೆ ಸೇರುತ್ತದೆ.

ಎಷ್ಟು ಕಟ್ಟಬಹುದು ಅಂತ ಹೇಳುವ ಮೊದಲು ಮನೆ ನಡೆಸಲು ಎಷ್ಟು ಬೇಕು ಅನ್ನುವ ಲೆಕ್ಕ ಕೈಯಲ್ಲಿರಬೇಕು. ಅದೂ ಬಾಯಿಮಾತಲ್ಲಿ ಸಾಲದು, ಕಾಗದದ ಮೇಲೆ ಬೇಕು. ಸಾಲಗಾರರ ಹತ್ತಿರ ಹಣ ಇಲ್ಲ, ವಕೀಲರಿಲ್ಲ, ಸಮಯವೂ ಇಲ್ಲ. ಮಾತುಕತೆಯಲ್ಲಿ ಅವರಿಗಿರುವ ಬಲ ಅಂದರೆ ಈ ಒಂದು ಹಾಳೆ.

2025ರ ಜನವರಿಯನ್ನು ನೆನಪಿಸಿಕೊಳ್ಳಿ. ಸಂಘದ ಸಾಲದ, ಅಂದರೆ ಮೈಕ್ರೋಫೈನಾನ್ಸ್ ಸಾಲದ, ಕಾಟ ತಾಳಲಾರದೆ ಚಾಮರಾಜನಗರ, ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಾಳಿಯನ್ನೇ ಮುಖ್ಯಮಂತ್ರಿಗೆ ಕಳಿಸಿ ಪ್ರತಿಭಟಿಸಿದರು. ಫೆಬ್ರವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು. ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನು ಮಸೂದೆಯಾಗಿ ಒಪ್ಪಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಈ ಕಾನೂನು ಬಂದ ಮೇಲೆ ಸಂಘದ ಸಾಲ ಮನ್ನಾ ಆಯ್ತು ಅಂದುಕೊಂಡವರೂ ಇದ್ದಾರೆ. ಹಾಗೇನೂ ಆಗಿಲ್ಲ. ಆರ್‌ಬಿಐ ನೋಂದಣಿ ಇರುವ ಸಂಸ್ಥೆಯ ಸಾಲ ಹಾಗೇ ಇದೆ. ಬೆದರಿಸಬಾರದು ಅಂತ ಕಾನೂನು ಹೇಳಿತು. ಎಷ್ಟು ಕಟ್ಟಬೇಕು, ಹೇಗೆ ಕಟ್ಟಬೇಕು ಅನ್ನುವುದು ಮಾತ್ರ ಸಾಲಗಾರರ ಮತ್ತು ಸಂಸ್ಥೆಯ ನಡುವೆಯೇ ಉಳಿದಿದೆ.

ಹಾಗಾದರೆ ಸಾಲ ಕೊಡುವಾಗ ಯಾರೂ ಲೆಕ್ಕ ಹಾಕುವುದಿಲ್ವಾ? ಹಾಕುತ್ತಾರೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ 50 ಮೀರಬಾರದು. ಕೇಳಲು ಚೆನ್ನಾಗಿದೆ. ಆದರೆ ಇಬ್ಬರಿರುವ ಮನೆಗೂ ಅದೇ 50, ಆರು ಜನರಿರುವ ಮನೆಗೂ ಅದೇ 50. ಇನ್ನೊಂದು ವಿಷಯ ಇದೆ, ಇದು ತುಂಬ ಜನರಿಗೆ ಗೊತ್ತಿಲ್ಲ. ಆ ನಿಯಮದಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅತ್ತೆ, ಮಾವ, ಮನೆಗೆ ವಾಪಸ್ ಬಂದ ನಾದಿನಿ ಆ ಲೆಕ್ಕದೊಳಗೆ ಬರುವುದೇ ಇಲ್ಲ. ನಮ್ಮ ಮನೆಗಳು ಹಾಗಿವೆಯಾ? ಅತ್ತೆಯ ಬಿಪಿ ಮಾತ್ರೆಗೆ ಆ ಫಾರ್ಮಿನಲ್ಲಿ ಜಾಗವಿಲ್ಲ, ಮನೆಯ ಖರ್ಚಿನಲ್ಲಿ ಇದೆ.

ಒಂದು ಮನೆಯ ಲೆಕ್ಕ ಹಾಕೋಣ. ಇದು ಉದಾಹರಣೆಗೆ ಅಂತ ಮಾಡಿಕೊಂಡ ಮನೆ, ಆದರೆ ತಾಲ್ಲೂಕು ಊರುಗಳಲ್ಲಿ ಇಂಥವು ಬೀದಿಗೆ ನಾಲ್ಕು ಸಿಗುತ್ತವೆ. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಕೈಗೆ 12,500 ಬರುತ್ತದೆ. ಗಂಡ ಪೇಂಟಿಂಗ್ ಕೆಲಸ, ಮಳೆಗಾಲ ಬೇಸಿಗೆ ಸೇರಿಸಿ ಸರಾಸರಿ 12,000. ಎರಡು ಮಕ್ಕಳು, ಜೊತೆಗೆ ಅತ್ತೆ. ಒಟ್ಟು ಆದಾಯ 24,500. ವರ್ಷಕ್ಕೆ 2.94 ಲಕ್ಷ, ಅಂದರೆ ಮಿತಿಯೊಳಗೇ.

ಸಾಲ ನೋಡಿ. ಒಂದು ಸಂಘಕ್ಕೆ ತಿಂಗಳಿಗೆ 2,650. ಇನ್ನೊಂದಕ್ಕೆ ವಾರಕ್ಕೆ 700. ವಾರದ ಕಂತನ್ನು ನಾಲ್ಕರಿಂದ ಗುಣಿಸಿ 2,800 ಅಂತ ಬರೆಯುವುದು ಎಲ್ಲರೂ ಮಾಡುವ ತಪ್ಪು. ವರ್ಷಕ್ಕೆ 52 ವಾರ, ಹಾಗಾಗಿ ತಿಂಗಳಿಗೆ 3,033 ಬೀಳುತ್ತದೆ. ಮೂರನೆಯ ಸಂಘಕ್ಕೆ 3,100. ಗಂಡನ ಬೈಕಿನ ಕಂತು 1,900. ಒಟ್ಟು 10,683. ಶೇ 50ರ ಮಿತಿ 12,250. ನಿಯಮದ ಕಣ್ಣಿಗೆ ಎಲ್ಲ ಸರಿಯಾಗಿದೆ. ಆದರೆ ಆಸ್ಪತ್ರೆಗೆ ಅಂತ ತಂದ 50,000 ಕೈಸಾಲ ಒಂದಿದೆ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 1,500, ವರ್ಷಕ್ಕೆ ಶೇ 36. ಇದು ಯಾವ ಕ್ರೆಡಿಟ್ ರಿಪೋರ್ಟಿನಲ್ಲೂ (ಯಾರ ಹೆಸರಲ್ಲಿ ಎಷ್ಟು ಸಾಲ ಇದೆ ಅಂತ ತೋರಿಸುವ ದಾಖಲೆ) ಕಾಣುವುದಿಲ್ಲ. ಇದನ್ನೂ ಸೇರಿಸಿದರೆ ತಿಂಗಳಿಗೆ 12,183 ಹೊರಗೆ ಹೋಗಬೇಕು.

ಈಗ ಖರ್ಚು. ಬಾಡಿಗೆ 4,500. ದಿನಸಿ 4,500, ನ್ಯಾಯಬೆಲೆ ಅಂಗಡಿಯ ಅಕ್ಕಿ ಬಿಟ್ಟು. ಹಾಲು, ತರಕಾರಿ 2,800. ಗ್ಯಾಸ್ 900. ಎರಡು ಫೋನಿನ ರೀಚಾರ್ಜ್ 600. ಸ್ಕೂಲಿನ ಫೀಸು, ಪುಸ್ತಕ, ವ್ಯಾನ್ ತಿಂಗಳಿಗೆ ಹಂಚಿದರೆ 1,800. ಅತ್ತೆಯ ಮಾತ್ರೆ 900. ಪೆಟ್ರೋಲ್ 1,500. ನೀರು, ಕಸ 150. ಗೃಹಜ್ಯೋತಿ ಇರುವುದರಿಂದ ಕರೆಂಟು ಬಿಲ್ ಸೊನ್ನೆ. ಇಷ್ಟಕ್ಕೆ 17,650.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಒಪ್ಪಂದ ಮುರಿದು ಬೀಳುವುದೂ ಇಲ್ಲೇ. ಜ್ವರ ಬರುತ್ತದೆ. ಬೈಕಿನ ಟಯರ್ ಹೋಗುತ್ತದೆ. ಯುಗಾದಿ, ಗೌರಿ ಹಬ್ಬ, ತಂಗಿ ಮಗುವಿನ ನಾಮಕರಣ ಇದ್ದೇ ಇರುತ್ತವೆ. ಜೂನ್‌ನಲ್ಲಿ ಯೂನಿಫಾರ್ಮ್ ಕೊಳ್ಳಬೇಕು. ಇವು ಯಾವ ತಿಂಗಳು ಬರುತ್ತವೆ ಅಂತ ಗೊತ್ತಿರುವುದಿಲ್ಲ, ಬಂದೇ ಬರುತ್ತವೆ ಅಂತ ಮಾತ್ರ ಗೊತ್ತು. ಕಳೆದ ವರ್ಷ ಇಂಥದ್ದಕ್ಕೆಲ್ಲ ಎಷ್ಟು ಹೋಯಿತು ಅಂತ ನೆನಪಿಸಿಕೊಂಡು 12ರಿಂದ ಭಾಗಿಸಿ ಬರೆಯಬೇಕು. ಈ ಮನೆಗೆ 1,350 ಇಡೋಣ. ಒಟ್ಟು ಖರ್ಚು 19,000. ಉಳಿಯುವುದು 5,500.

ಕಟ್ಟಬೇಕಾದದ್ದು 12,183. ಇರುವುದು 5,500.

ಗೃಹಲಕ್ಷ್ಮಿಯ 2,000 ಯಾಕೆ ಸೇರಿಸಿಲ್ಲ ಅಂತ ಕೇಳಬಹುದು. ಬೇಕಂತಲೇ ಬಿಟ್ಟಿದ್ದೇನೆ. ಅದು ಪ್ರತಿ ತಿಂಗಳು ಇಂಥದ್ದೇ ದಿನ ಬರುತ್ತದೆ ಅಂತ ಇಲ್ಲ. ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದೂ ಇದೆ. ಅದನ್ನು ನಂಬಿ ಕಂತಿನ ಮಾತು ಕೊಟ್ಟರೆ, ಹಣ ತಡವಾದ ತಿಂಗಳು ಮಾತು ತಪ್ಪುತ್ತದೆ. ಬಂದಾಗ ಹೆಚ್ಚುವರಿಯಾಗಿ ಕಟ್ಟಿದರಾಯಿತು. ಮೈಕ್ರೋಫೈನಾನ್ಸ್ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ.

ಈ ಲೆಕ್ಕ ತೋರಿಸಿದಾಗ ವಸೂಲಿಯವರು ಹೇಳುವ ಮಾತು ಸಾಮಾನ್ಯವಾಗಿ ಇದು: "ಖರ್ಚು ಜಾಸ್ತಿ ಆಯ್ತು, ಕಡಿಮೆ ಮಾಡ್ಕೊಳ್ಳಿ." ಅದಕ್ಕೆ ಉತ್ತರ ಇದೆ. ಕೇಂದ್ರ ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 4,122 ರೂಪಾಯಿ, ಪಟ್ಟಣ ನಗರಗಳಲ್ಲಿ 6,996. ನಮ್ಮ ಮನೆಯ 19,000ವನ್ನು ಐದು ಜನಕ್ಕೆ ಹಂಚಿದರೆ ತಲೆಗೆ 3,800. ಹಳ್ಳಿಯ ಸರಾಸರಿಗಿಂತಲೂ ಕಡಿಮೆ. ಈ ಮನೆಯವರು ದುಂದು ಮಾಡುತ್ತಿಲ್ಲ. ಫೋನಿನ ರೀಚಾರ್ಜ್ ಕೂಡ ಶೋಕಿಗಲ್ಲ. ಪೇಂಟಿಂಗ್ ಕೆಲಸ ಫೋನಿನಲ್ಲೇ ಬರುತ್ತದೆ, ಬ್ಯಾಂಕಿನ ಒಟಿಪಿಯೂ ಅಲ್ಲಿಗೇ ಬರುತ್ತದೆ. ಕಡಿಮೆ ಮಾಡಬಹುದಾದ್ದು ಇದ್ದರೆ ಖಂಡಿತ ಮಾಡಬೇಕು. ಬೀಡಿ, ಕುಡಿತ, ಹೊಸ ಚೀಟಿ ಇವನ್ನು ಅಡಗಿಸಿಟ್ಟರೆ ಲೆಕ್ಕವೇ ಸುಳ್ಳಾಗುತ್ತದೆ. ಗಂಡನ ಕುಡಿತದ ಖರ್ಚನ್ನು ಹೆಂಡತಿ ಬರೆಯುವುದು ಸುಲಭವಲ್ಲ ಅಂತ ಗೊತ್ತು. ಆದರೂ ಬರೆಯಬೇಕು, ಕನಿಷ್ಠ ಮನೆಯೊಳಗಿನ ಹಾಳೆಯಲ್ಲಾದರೂ. ಆದರೆ ಮಕ್ಕಳ ಹಾಲು, ಅತ್ತೆಯ ಮಾತ್ರೆಗೆ ಕತ್ತರಿ ಹಾಕಿ ಕಟ್ಟಿದ ಕಂತು ಮೂರು ತಿಂಗಳಲ್ಲಿ ಆಸ್ಪತ್ರೆ ಬಿಲ್ಲಾಗಿ ವಾಪಸ್ ಬರುತ್ತದೆ.

ಜೀವನ ನಡೆಸಲು ಬೇಕಾದದ್ದನ್ನು ಮೊದಲು ತೆಗೆದಿಡುವುದು ಹೊಸ ವಿಚಾರವೂ ಅಲ್ಲ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ 1908ರದ್ದು. ಅದರ 60ನೇ ಕಲಂ ಓದಿದಾಗ ನನಗೆ ಧೈರ್ಯ ಬರುತ್ತದೆ. ಸಾಲ ಕೊಟ್ಟವರು ಕೋರ್ಟಿಗೆ ಹೋಗಿ, ಗೆದ್ದು, ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ತಂದು ಜಪ್ತಿಗೆ ಬಂದರೂ ಕೆಲವನ್ನು ಮುಟ್ಟುವಂತಿಲ್ಲ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ. ಧರ್ಮದ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆ, ಅಂದರೆ ತಾಳಿ. ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ದನ, ಬಿತ್ತನೆ ಬೀಜ. ಕೂಲಿಯವರ, ಮನೆಕೆಲಸದವರ ಕೂಲಿ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. 25,000 ಸಂಬಳ ಇದ್ದರೆ 17,000 ಮನೆಗೇ ಉಳಿಯಬೇಕು, ಜಪ್ತಿಗೆ ಸಿಗುವುದು 8,000 ಮಾತ್ರ. ಕೋರ್ಟಿನ ಡಿಕ್ರಿಯೇ ಅಡುಗೆಮನೆಯ ಪಾತ್ರೆಗೆ ಕೈ ಹಾಕುವಂತಿಲ್ಲ ಅಂದಮೇಲೆ, ಬರೀ ಒಂದು ಐಡಿ ಕಾರ್ಡ್ ಹಾಕಿಕೊಂಡು ಬಂದವರು "ಓಲೆ ಮಾರಿ ಕಟ್ಟಿ, ತವರಿಂದ ತನ್ನಿ" ಅನ್ನುವುದಕ್ಕೆ ಯಾವ ಅಧಿಕಾರವೂ ಇಲ್ಲ. ಹಾವೇರಿಯ ಹೆಣ್ಣುಮಕ್ಕಳು ಕಳಿಸಿದ ತಾಳಿಗೆ ನೂರು ವರ್ಷಕ್ಕೂ ಹಿಂದಿನಿಂದ ಕಾನೂನಿನ ರಕ್ಷಣೆ ಇದೆ. ಅದನ್ನು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ ಅನ್ನುವುದೇ ಬೇಸರದ ವಿಷಯ.

5,500 ಹಂಚುವುದು ಹೇಗೆ

ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಕಟ್ಟುವುದು ಎಲ್ಲ ಕಡೆ ನಡೆಯುವ ಪದ್ಧತಿ. ಅದನ್ನು ಬಿಡಬೇಕು. ಯಾವ ಸಾಲ ತಪ್ಪಿದರೆ ದುಡಿಮೆಗೇ ಪೆಟ್ಟು ಬೀಳುತ್ತದೆ ಅಂತ ಮೊದಲು ನೋಡಿ. ಇಲ್ಲಿ ಅದು ಬೈಕು. ಅದನ್ನು ಎಳೆದುಕೊಂಡು ಹೋದರೆ ಪೇಂಟಿಂಗ್ ಕೆಲಸವೇ ನಿಲ್ಲುತ್ತದೆ. ಅದಕ್ಕೆ 1,900 ಪೂರ್ತಿ ಕಟ್ಟಿ. ಉಳಿದ 3,600ನ್ನು ಮೂರು ಸಂಘ ಮತ್ತು ಕೈಸಾಲಕ್ಕೆ ಅವರವರ ಕಂತಿನ ಅಳತೆಗೆ ಹಂಚಿ. ಅವರಿಗೆ ಬರಬೇಕಾದದ್ದು 10,283. ಹಾಗಾಗಿ ನೂರು ರೂಪಾಯಿಗೆ 35 ರೂಪಾಯಿ. ಮೊದಲ ಸಂಘಕ್ಕೆ 928, ಎರಡನೆಯದಕ್ಕೆ 1,062, ಮೂರನೆಯದಕ್ಕೆ 1,085, ಕೈಸಾಲದವರಿಗೆ 525. ಹೀಗೆ ಹಂಚುವುದರ ಲಾಭ ಏನು ಅಂದರೆ, "ಅವರಿಗೆ ಕಟ್ಟಿದ್ದೀರಿ, ನಮಗೆ ಯಾಕಿಲ್ಲ" ಅನ್ನುವ ಮಾತಿಗೆ ಎಲ್ಲರಿಗೂ ಒಂದೇ ಉತ್ತರ ಕೊಡಬಹುದು.

ಇಲ್ಲಿ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಕಟ್ಟುತ್ತೀನಿ ಅನ್ನುವ ಹಣ ಆ ತಿಂಗಳ ಬಡ್ಡಿಗಿಂತ ಜಾಸ್ತಿ ಇದೆಯಾ? ಎರಡನೆಯ ಸಂಘದಲ್ಲಿ 40,000 ಬಾಕಿ ಇದೆ, ಬಡ್ಡಿ ವರ್ಷಕ್ಕೆ ಶೇ 24 ಅಂದುಕೊಳ್ಳಿ. ತಿಂಗಳ ಬಡ್ಡಿಯೇ 800. 1,062 ಕಟ್ಟಿದರೆ 262 ರೂಪಾಯಿ ಅಸಲಿಗೆ ಹೋಗುತ್ತದೆ. ನಿಧಾನ, ಆದರೂ ಕರಗುತ್ತದೆ. ಕೈಸಾಲದ ಕಥೆ ಬೇರೆ. 1,500 ಬಡ್ಡಿಗೆ 525 ಕೊಟ್ಟರೆ ಸಾಲ ಬೆಳೆಯುತ್ತಲೇ ಹೋಗುತ್ತದೆ. ಅಲ್ಲಿ ಕೇಳಬೇಕಾದದ್ದು ಬೇರೆಯೇ: ಇಲ್ಲಿಗೆ ಬಡ್ಡಿ ನಿಲ್ಲಿಸಿ, ಇನ್ನು ಮುಂದೆ ಕೊಡುವುದೆಲ್ಲ ಅಸಲಿಗೆ. ಊರಿನ ಹಿರಿಯರೊಬ್ಬರನ್ನು ಕೂರಿಸಿಕೊಂಡು ಕೇಳಿದರೆ ಒಪ್ಪುವವರಿದ್ದಾರೆ. ಎಲ್ಲರೂ ಒಪ್ಪುವುದಿಲ್ಲ.

ಸಂಘದಲ್ಲಿ ಸುಮ್ನೆ ಕಡಿಮೆ ಕಟ್ಟುತ್ತಾ ಹೋಗುವುದೂ ಸರಿಯಲ್ಲ. ಉಳಿದ ಭಾಗ ಓವರ್‌ಡ್ಯೂ, ಅಂದರೆ ಗಡುವು ಮೀರಿದ ಬಾಕಿ, ಆಗಿ ಸೇರುತ್ತಲೇ ಇರುತ್ತದೆ, 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಹಾಗಾಗಿ ಕೇಳಬೇಕಾದದ್ದು ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸುವ ಹೊಸ ವೇಳಾಪಟ್ಟಿಯನ್ನು. ಅದಕ್ಕೂ ಬೆಲೆ ಇದೆ. ಅದೇ 40,000ವನ್ನು 24 ತಿಂಗಳಲ್ಲಿ ತೀರಿಸಿದರೆ ಕಂತು ಸುಮಾರು 2,115, ಒಟ್ಟು ಬಡ್ಡಿ ಸುಮಾರು 10,750. 48 ತಿಂಗಳು ಮಾಡಿಸಿಕೊಂಡರೆ ಕಂತು ಸುಮಾರು 1,305ಕ್ಕೆ ಇಳಿಯುತ್ತದೆ, ಬಡ್ಡಿ 22,600ರ ಹತ್ತಿರ ಹೋಗುತ್ತದೆ. ಇದು ಗೊತ್ತಿದ್ದು ಒಪ್ಪಬೇಕು. ಆದರೂ ಇನ್ನೊಂದು ಹೊಸ ಸಾಲ ತಂದು ಹಳೆಯ ಕಂತು ಕಟ್ಟುವುದಕ್ಕಿಂತ ಇದು ಮೇಲು ಅಂತ ನನ್ನ ಅಭಿಪ್ರಾಯ. "ಟಾಪ್-ಅಪ್ ಮಾಡಿ ಕೊಡ್ತೀವಿ, ಹಳೇದು ಕ್ಲಿಯರ್ ಆಗುತ್ತೆ" ಅಂತ ಇರುವ ಸಾಲದ ಮೇಲೆ ಇನ್ನಷ್ಟು ಸಾಲ ಕೊಡಲು ಬಂದಾಗಲಂತೂ ಹುಷಾರಾಗಿರಬೇಕು.

ಯಾರ ಹತ್ತಿರ ಮಾತಾಡಬೇಕು

ಬಾಗಿಲಿಗೆ ಬಂದ ಹುಡುಗನ ಹತ್ತಿರ ಅಲ್ಲ. ಅವನಿಗೆ ಕಂತು ಕಡಿಮೆ ಮಾಡುವ ಅಧಿಕಾರ ಇಲ್ಲ. ಸಂಜೆಯೊಳಗೆ ಇಷ್ಟು ತರಬೇಕು ಅನ್ನುವ ಟಾರ್ಗೆಟ್ ಅವನ ತಲೆ ಮೇಲೂ ಇರುತ್ತದೆ. ಹಾಳೆ ಹಿಡಿದುಕೊಂಡು ಬ್ರಾಂಚಿಗೇ ಹೋಗಬೇಕು. ಬಾಯಿಮಾತಿನ ಜೊತೆ ಹೀಗೊಂದು ಪತ್ರ ಕೊಡಿ:

"ಶಾಖಾ ವ್ಯವಸ್ಥಾಪಕರಿಗೆ. ನಮ್ಮ ಮನೆಯ ತಿಂಗಳ ಆದಾಯ 24,500 ರೂಪಾಯಿ, ಐದು ಜನರ ಖರ್ಚು 19,000 ರೂಪಾಯಿ. ವಿವರ ಲಗತ್ತಿಸಿದ್ದೇನೆ. ಎಲ್ಲ ಸಾಲಗಳಿಗೂ ಸೇರಿ ಉಳಿಯುವುದು 5,500. ಅದರಲ್ಲಿ ನಿಮ್ಮ ಪಾಲು 1,062. ಇದನ್ನು ಪ್ರತಿ ತಿಂಗಳು 10ನೇ ತಾರೀಖಿನೊಳಗೆ ತಪ್ಪದೆ ಕಟ್ಟುತ್ತೇನೆ. ಇದಕ್ಕೆ ತಕ್ಕಂತೆ ಕಂತು ಇಳಿಸಿ ಅವಧಿ ಹೆಚ್ಚಿಸಿಕೊಡಿ. ಆರು ತಿಂಗಳ ನಂತರ ಆದಾಯ ಖರ್ಚಿನ ಲೆಕ್ಕ ಮತ್ತೆ ತಂದು ತೋರಿಸುತ್ತೇನೆ."

ಮೇಲೆ ತಾರೀಖು, ಸಾಲದ ಖಾತೆ ಸಂಖ್ಯೆ ಇರಲಿ. ಇನ್ನೊಂದು ಪ್ರತಿಯ ಮೇಲೆ ಸೀಲು ಸಹಿ ಹಾಕಿಸಿಕೊಳ್ಳಿ. ಹಾಕಿಕೊಡಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಕಷ್ಟದಲ್ಲಿರುವ ಸಾಲಗಾರರನ್ನು ಗುರುತಿಸಿ, ಅವರ ಜೊತೆ ಮಾತಾಡಿ, ಇರುವ ದಾರಿ ಯಾವುದು ಅಂತ ತಿಳಿಸುವ ವ್ಯವಸ್ಥೆ ಪ್ರತಿ ಸಂಸ್ಥೆಯಲ್ಲೂ ಇರಬೇಕು ಅಂತ ಆರ್‌ಬಿಐ ನಿಯಮವೇ ಹೇಳುತ್ತದೆ. ಹಾಗಾಗಿ ನೀವು ಕೇಳುತ್ತಿರುವುದು ಉಪಕಾರವಲ್ಲ. ಆದರೆ ಹೊಸ ವೇಳಾಪಟ್ಟಿಗೆ ಒಪ್ಪಲೇಬೇಕು ಅಂತ ನಿಯಮದಲ್ಲಿ ಇಲ್ಲ, ಅದೂ ಗೊತ್ತಿರಲಿ.

ಸಂಘದ ಸಾಲದಲ್ಲಿ ನಿಜವಾದ ಒತ್ತಡ ಬರುವುದು ಅಕ್ಕಪಕ್ಕದವರಿಂದ. ಒಬ್ಬಳ ಕಂತು ಬರುವ ತನಕ ಮೀಟಿಂಗಿನಿಂದ ಯಾರೂ ಏಳುವ ಹಾಗಿಲ್ಲ ಅಂತ ಕೂರಿಸಿದಾಗ, ಕೂಲಿಗೆ ಹೋಗಬೇಕಾದ ಉಳಿದವರ ಸಿಟ್ಟು ಅವಳ ಮೇಲೆ ತಿರುಗುತ್ತದೆ. ಅದಕ್ಕೇ ಲೆಕ್ಕದ ಹಾಳೆಯನ್ನು ಗುಂಪಿನವರಿಗೂ ಮೊದಲೇ ತೋರಿಸುವುದು ಒಳ್ಳೆಯದು. ಅವರಲ್ಲಿ ಇನ್ನಿಬ್ಬರ ಸ್ಥಿತಿಯೂ ಹಾಗೇ ಇರಬಹುದು. ಮೂವರು ಒಟ್ಟಿಗೆ ಬ್ರಾಂಚಿಗೆ ಹೋದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಸಮಯದ ಮಿತಿಯೂ ನೆನಪಿರಲಿ. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೇರೆ ಸಾಲಗಳಿಗೆ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಮಾತ್ರ ಮಾಡಬಹುದು. ಗೊತ್ತು ಮಾಡಿದ ಜಾಗಕ್ಕೆ ಸಾಲಗಾರರು ಸತತ ಎರಡು ಸಲ ಬರದಿದ್ದರೆ ಮಾತ್ರ ಮೈಕ್ರೋಫೈನಾನ್ಸ್ ವಸೂಲಿಯವರು ಮನೆಗೆ ಬರಬಹುದು. ನೆಂಟರಿಗೆ, ಜೊತೆ ಕೆಲಸದವರಿಗೆ ಕಾಟ ಕೊಡುವಂತಿಲ್ಲ. ಕಂತು ತಡವಾದರೆ ಹಾಕುವ ದಂಡ ಬಾಕಿಯಾದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲಲ್ಲ. ಇದನ್ನು ಮೀರಿದರೆ ಮೊದಲು ಸಂಸ್ಥೆಗೇ ದೂರು ಕೊಡಬೇಕು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಖರ್ಚಿಲ್ಲ, ಸಹಾಯವಾಣಿ 14448. ಹೊಡೆತ, ಬೆದರಿಕೆ ಅಂದರೆ ಕಾಯುವುದು ಬೇಡ, ನೇರ ಪೊಲೀಸ್ ಠಾಣೆಗೇ ಹೋಗಿ.

ಒಂದು ಎಚ್ಚರಿಕೆ. ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ. ಆದರೆ ಕೊಟ್ಟ ಚೆಕ್ ಬೌನ್ಸ್ ಆದರೆ ಕೇಸು ಆಗಬಹುದು. ಖಾತೆಯಿಂದ ತಾನಾಗಿ ಕಟ್ ಆಗುವ ಕಂತು ಹಣವಿಲ್ಲದೆ ವಾಪಸ್ ಹೋದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಅಡಿ ಅದೇ ರೀತಿ ಕೇಸು ಹಾಕಲು ಅವಕಾಶ ಇದೆ. ಮೇಲಾಗಿ ಪ್ರತಿ ಬೌನ್ಸ್‌ಗೂ ಬ್ಯಾಂಕಿನ ಶುಲ್ಕ ಬೇರೆ. ಆದ್ದರಿಂದ ಹೊಸ ಕಂತು ನಿಗದಿಯಾದ ಕೂಡಲೇ ಆಟೋ ಡೆಬಿಟ್‌ನ ಮೊತ್ತ ಮತ್ತು ತಾರೀಖನ್ನು ಲಿಖಿತವಾಗಿ ಬದಲಾಯಿಸಿಕೊಳ್ಳಿ. ಸಂಬಳ ಬಂದ ಮರುದಿನದ ತಾರೀಖು ಇರಲಿ. ಯಾರಾದರೂ "ಇಷ್ಟು ಕೊಟ್ಟರೆ ಸೆಟಲ್ ಮಾಡ್ತೀವಿ" ಅಂದರೆ ಕಂಪನಿಯ ಪತ್ರ ಕೈಗೆ ಬಂದ ಮೇಲೆ, ಸಾಲದ ಖಾತೆಗೇ ಕಟ್ಟಿ. ಏಜೆಂಟ್‌ನ ಸ್ವಂತ ನಂಬರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಸೆಟಲ್ ಆದ ಸಾಲ ಕ್ರೆಡಿಟ್ ರಿಪೋರ್ಟಿನಲ್ಲಿ ಸೆಟಲ್ಡ್ ಅಂತಲೇ ಕಾಣುತ್ತದೆ, ಪೂರ್ತಿ ತೀರಿಸಿದ ಸಾಲಕ್ಕೆ ಅದು ಸಮವಲ್ಲ.

ಇಷ್ಟೆಲ್ಲ ಒಬ್ಬ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ತಾನೇ ಮಾಡಿಕೊಳ್ಳಬೇಕಾ ಅನ್ನುವುದು ನ್ಯಾಯವಾದ ಪ್ರಶ್ನೆ. ಬ್ರಿಟನ್ನಿನಲ್ಲಿ ಸಾಲದ ಸಲಹೆ ಕೊಡುವ ಹಲವು ಸಂಸ್ಥೆಗಳು 2017ರಿಂದ ಒಂದೇ ನಮೂನೆಯ ಆದಾಯ-ಖರ್ಚಿನ ಹಾಳೆ ಬಳಸುತ್ತವೆ. ಊಟ, ಬಟ್ಟೆ, ಫೋನಿಗೆ ಎಷ್ಟರವರೆಗೆ ಖರ್ಚು ಸಹಜ ಅನ್ನುವ ಮಾರ್ಗಸೂಚಿಯೂ ಅದರ ಜೊತೆಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ ತಿಂಗಳಿಂದ ಸಲಹೆಗಾರರ ಮೂಲಕ ಅರ್ಜಿ ಹಾಕಿದವರಿಗೆ 60 ದಿನ ವಸೂಲಿಯಿಂದ ಬಿಡುವು ಸಿಗುತ್ತದೆ. ನಮ್ಮಲ್ಲಿ 2016ರ ದಿವಾಳಿ ಸಂಹಿತೆಯಲ್ಲಿ ಸಣ್ಣ ಸಾಲಗಾರರು ಹೊಸದಾಗಿ ಶುರು ಮಾಡಲು ಒಂದು ದಾರಿ ಬರೆದಿಟ್ಟಿದ್ದಾರೆ, ಜಾರಿಗೆ ತಂದಿಲ್ಲ. ತಂದರೂ ಅದರ ಮಿತಿ ವರ್ಷಕ್ಕೆ 60,000 ಆದಾಯ, 35,000 ಸಾಲ. ನಮ್ಮ ಉದಾಹರಣೆಯ ಮನೆ ಅದರ ಹತ್ತಿರಕ್ಕೂ ಬರುವುದಿಲ್ಲ.

ಇದಕ್ಕೆಲ್ಲ ದೊಡ್ಡ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಕಷ್ಟದಲ್ಲಿರುವವರನ್ನು ಗುರುತಿಸಬೇಕು ಅನ್ನುವ ನಿಯಮ ಈಗಾಗಲೇ ಇದೆ. ಅದರ ಅಡಿಯಲ್ಲೇ ಪ್ರತಿ ಬ್ರಾಂಚಿನಲ್ಲೂ ಕನ್ನಡದಲ್ಲಿ ಒಂದು ಪುಟದ ಆದಾಯ-ಖರ್ಚಿನ ಫಾರ್ಮ್ ಇಡುವಂತೆ ಆರ್‌ಬಿಐ ಹೇಳಬಹುದು. ಅದರಲ್ಲಿ ಅತ್ತೆ ಮಾವನಿಗೂ ಒಂದು ಸಾಲು ಇರಬೇಕು. ಮೊದಲ ಕಂತು ತಪ್ಪಿದ ದಿನವೇ ಆ ಫಾರ್ಮ್ ಸಾಲಗಾರರ ಕೈಗೆ ಹೋಗಬೇಕು, ಅದು ತುಂಬಿ ವಾಪಸ್ ಬಂದ ಮೇಲೆ ಹದಿನೈದು ದಿನದೊಳಗೆ ಲಿಖಿತ ಉತ್ತರ ಸಿಗಬೇಕು. ಆ ಉತ್ತರ ಕೊಡುವ ತನಕ ವಸೂಲಿಗೆ ಮನೆ ಬಾಗಿಲಿಗೆ ಯಾರನ್ನೂ ಕಳಿಸುವಂತಿಲ್ಲ ಅಂತ ಅದೇ ಆದೇಶದಲ್ಲಿ ಸೇರಿಸಬೇಕು.